ಚಟ್ಟಿಗೆ ಸುಣ್ಣ ಒರೆಸಿದವರು ಯಾರು?

ಹೂಗಿಡ ಸಾಕುವುದರಲ್ಲಿ ನಮ್ಮೂರು ನರಿಕೊಂಬಿನಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಮೂಡುಬಿದಿರೆಯಿಂದ ಆರಿಸಿ ತಂದ ಮಣ್ಣಿನ ಚಟ್ಟಿಗಳು ಜಗಲಿಯ ಉದ್ದಕ್ಕೂ ಕೆಂಪಗೆ ಸಾಲಾಗಿ ಕೂತಿದ್ದವು. ಅವುಗಳಿಗೆ ಹೊಸ ಬೋರ್‌ವೆಲ್ಲಿನ ನೀರು. ಗೊಬ್ಬರವಂತೂ ಚೀಲದ ಮೇಲೆ ಹೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ. ಪ್ರೀತಿಗೆ ಅಳತೆ ಉಂಟೇ?

ಒಂದು ಬೆಳಿಗ್ಗೆ ನೋಡುತ್ತೇನೆ, ಚಟ್ಟಿಗಳ ಮೈತುಂಬಾ ಬಿಳಿ ಕಲೆ! ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ನನ್ನ ಮೈ ಉರಿದುಹೋಯಿತು. ಸಂಶಯವೇ ಇಲ್ಲ, ಇದು ಸುಣ್ಣ. ಯಾರೋ ವೀಳ್ಯ ತಿಂದು ಬೆರಳಿಗಂಟಿದ ಸುಣ್ಣವನ್ನು ನನ್ನ ಚಟ್ಟಿಗೆ ಒರೆಸಿದ್ದಾರೆ. ನಮ್ಮ ಕಡೆ ಸುಣ್ಣದ ಬೆರಳಿಗೆ ಕಂಬ, ಗೋಡೆ, ಬಸ್ಸಿನ ಸೀಟು ಎಂಬ ಭೇದವಿಲ್ಲ.

‘ಯಾರೋ’ ಎಂದದ್ದು ಮರ್ಯಾದೆಗೆ. ಮನೆಯಲ್ಲಿ ವೀಳ್ಯ ತಿನ್ನುವವರು ಒಬ್ಬರೇ. ಕಣ್ಣಿನ ಪೊರೆಯ ಆಪರೇಶನ್ ಮಾಡಿಸಿಕೊಂಡು, ವಿಶ್ರಾಂತಿಗೆಂದು ಬೆಳ್ತಂಗಡಿಯ ಲಾಯಿಲದಿಂದ ಮಗಳ ಮನೆಗೆ ಬಂದಿದ್ದ ನನ್ನ ಅತ್ತೆ. ಅವರು ಕೂರುವುದೂ ಅದೇ ಜಗಲಿಯಲ್ಲಿ.

ಅಳಿಯನಾದವನು ಅತ್ತೆಗೆ ನೇರವಾಗಿ ಹೇಳುವ ಕ್ರಮವಿಲ್ಲ. ಹೆಂಡತಿ ಸುಮತಿಗೆ ಹೇಳಿದೆ.

"ನಿಮಗೆ ತಲೆ ಸರಿ ಉಂಟಾ? ಅಮ್ಮ ಬೆರಳನ್ನು ಸೆರಗಿಗೆ ಒರೆಸ್ತಾರೆ, ಚಟ್ಟಿಗಲ್ಲ," ಎಂದಳು.

ತಾಯಿಯ ಪರವಾಗಿ ಮಗಳ ಸಾಕ್ಷಿ ಯಾವ ಕೋರ್ಟಿನಲ್ಲಿ ನಿಲ್ಲುತ್ತದೆ? ಪಕ್ಕದ ಮನೆಯ ಸೇಸಪ್ಪಣ್ಣನಿಗೆ ಹೇಳಿದೆ. ಜೀನಸಿನ ಅಂಗಡಿಯ ಹಮೀದ್ ಬ್ಯಾರಿಯವರಿಗೆ ಹೇಳಿದೆ. ಮಾಣಿ ಪೇಟೆಯ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಕೇಳದವರಿಗೂ ಹೇಳಿದೆ. ಅಷ್ಟಕ್ಕೂ ಸಮಾಧಾನವಾಗದೆ ರಟ್ಟಿನ ತುಂಡೊಂದರಲ್ಲಿ ‘ಚಟ್ಟಿಗಳಿಗೆ ಸುಣ್ಣ ಒರೆಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ’ ಎಂದು ಬರೆದು ದಾಸವಾಳದ ಗಿಡಕ್ಕೆ ನೇತುಹಾಕಿದೆ. ಯಾರ ಹೆಸರೂ ಇಲ್ಲ. ಎಂಥ ನಾಜೂಕು!

ಆದರೆ ಆಪರೇಶನ್ ಆದ ಕಣ್ಣಿಗೆ ಅಕ್ಷರ ಕಾಣಬೇಕಲ್ಲ?

"ಅಳಿಯ ಏನೋ ಬರೆದು ಹಾಕಿದ್ದಾರೆ ಮಗಾ, ಒಮ್ಮೆ ಓದಿ ಹೇಳು," ಎಂದರು ಅತ್ತೆ.

ಸುಮತಿ ಒಂದಕ್ಷರವನ್ನೂ ಬಿಡದೆ, ನನ್ನ ಮುಖವನ್ನೇ ನೋಡುತ್ತಾ ಓದಿದಳು. ಅತ್ತೆ ತಮ್ಮ ಕಣ್ಣಿನ ಮದ್ದನ್ನು ಚೀಲಕ್ಕೆ ಹಾಕಿಕೊಂಡು, ಮಗನನ್ನು ಕರೆಸಿ, ಸಂಜೆಯೊಳಗೆ ಲಾಯಿಲಕ್ಕೆ ಹೊರಟೇಬಿಟ್ಟರು.

ನಾನು ಚಟ್ಟಿಗಳನ್ನು ತೆಂಗಿನ ನಾರಿನಿಂದ ತಿಕ್ಕಿ ಕೆಂಪಗೆ ಮಾಡಿದೆ. ನ್ಯಾಯ ಗೆದ್ದಿತ್ತು. ಸ್ವಲ್ಪ ದಿನ ಕಳೆಯುವುದರೊಳಗೆ ಚಟ್ಟಿಗಳು ಮತ್ತೆ ಬೆಳ್ಳಗಾದವು!

"ಅಮ್ಮ ಲಾಯಿಲದಿಂದ ಕೈ ಚಾಚಿದರಾ?" ಎಂದ ಸುಮತಿ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋದಳು. ಬಕೆಟ್ಟಿನ ಅಂಚು, ನಲ್ಲಿಯ ಬಾಯಿ, ಎಲ್ಲಕ್ಕೂ ಅದೇ ಬಿಳಿ. "ಇದಕ್ಕೂ ಅಮ್ಮನೇ ಒರೆಸಿದ್ದಾ? ಇದು ಬೋರ್‌ವೆಲ್ ನೀರಿನ ಉಪ್ಪು. ಚಟ್ಟಿಯಲ್ಲಿ ನೀವು ಸುರಿದ ಗೊಬ್ಬರದ್ದೂ ಸೇರಿದೆ. ಮಣ್ಣಿನ ಚಟ್ಟಿ ಅದನ್ನು ಹೀರಿ ಹೊರಗೆ ಹಾಕ್ತದೆ."

ಕೂಡಲೇ ಲಾಯಿಲಕ್ಕೆ ಓಡಿದೆ. ಮದುವೆಯಾದ ಮೇಲೆ ಮೊದಲ ಸಲ ಅತ್ತೆಯ ಎದುರು ನಿಂತು ನೇರವಾಗಿ ಮಾತಾಡಿದೆ, ತಪ್ಪಾಯಿತು ಎಂದೆ. ನಿಜಕ್ಕೂ ನಾಚಿಕೆಯಾಗಿತ್ತು.

"ನನ್ನ ಹತ್ತಿರ ಹೇಳಿ ಏನು ಪ್ರಯೋಜನ?" ಎಂದರು ಅತ್ತೆ. "ಯಾರ್ಯಾರ ಹತ್ತಿರ ನನ್ನ ಹೆಸರು ತೆಗೆದಿದ್ದೀರೋ ಅವರಿಗೆ ಹೇಳಿ ಬನ್ನಿ. ಅವರು ನಂಬಿದ ದಿನ ನಾನು ಬರ್ತೇನೆ."

ಇದೇನು ಮಹಾ ಕೆಲಸ! ಮೊದಲು ಸೇಸಪ್ಪಣ್ಣನ ಮನೆಗೆ ಹೋಗಿ, ತಪ್ಪು ಅತ್ತೆಯದ್ದಲ್ಲ, ನನ್ನದು ಎಂದೆ.

"ನೀವು ದೊಡ್ಡ ಮನುಷ್ಯ ಮಾರಾಯ್ರೆ," ಎಂದರು ಅವರು. "ಅತ್ತೆಯ ಮರ್ಯಾದೆ ಉಳಿಸ್ಲಿಕ್ಕೆ ತಪ್ಪನ್ನು ನಿಮ್ಮ ತಲೆಗೆ ಹಾಕಿಕೊಂಡಿರಿ."

"ಅಲ್ಲ ಸೇಸಪ್ಪಣ್ಣ, ಅದು ನಿಜವಾಗಿಯೂ ಉಪ್ಪು."

"ಆಯ್ತು, ಉಪ್ಪು ಅಂತಲೇ ಹೇಳುವ."

ಹಮೀದ್ ಬ್ಯಾರಿಯವರು ಎಲ್ಲವನ್ನೂ ಕೇಳಿ, "ಮನೆಯಲ್ಲಿ ಸ್ವಲ್ಪ ಜೋರಾಯ್ತಾ?" ಎಂದು ಮೆಲ್ಲಗೆ ವಿಚಾರಿಸಿದರು. ಮಾಣಿಯ ಹೋಟೆಲಿನಲ್ಲಂತೂ ಅಳಿಯ ಅಂದರೆ ಹೀಗಿರಬೇಕು ಎಂದು ನನ್ನನ್ನು ತೋರಿಸಿ ಹೇಳುತ್ತಿದ್ದಾರೆ. ನಾನು ಹೆಚ್ಚು ಒಪ್ಪಿಕೊಂಡಷ್ಟೂ ಅತ್ತೆ ಹೆಚ್ಚು ಅಪರಾಧಿಯಾಗುತ್ತಾರೆ! ಸುಳ್ಳನ್ನು ಒಂದು ಚಾ ಮುಗಿಯುವುದರೊಳಗೆ ನಂಬಿದ ಈ ಜನಕ್ಕೆ ಸತ್ಯ ನಂಬಲು ಏನು ರೋಗ?

ಅತ್ತೆ ಬಂದಿಲ್ಲ. ಅವರ ಕಣ್ಣಿಗೆ ಮದ್ದು ಹಾಕಲೆಂದು ಸುಮತಿಯೂ ಲಾಯಿಲಕ್ಕೆ ಹೋಗಿ ಕೂತಿದ್ದಾಳೆ. ಊರಿಗೆಲ್ಲ ಮಾದರಿಯಾದ ಅಳಿಯ ಈಗ ತನ್ನ ಗಂಜಿಯನ್ನು ತಾನೇ ಬೇಯಿಸಿಕೊಂಡು ಉಣ್ಣುತ್ತಿದ್ದಾನೆ. ಅದೂ ಅಡಿ ಹಿಡಿದದ್ದು.