ಮ್ಯಾನೇಜರ್ ಕುರ್ಚಿಯ ಕೇಸು

ಸಾವ್ಕಾರರ ಮೇಲೆ ಕೇಸು ಹಾಕಿ, ಅವರ ಹತ್ತಿರವೇ ಕೆಲಸ ಮಾಡಿಕೊಂಡಿದ್ದರೆ ಏನೇನು ಆಗಬಹುದೋ ಅದೆಲ್ಲ ನನಗೆ ಆಗಿದೆ.

ಹರಪನಹಳ್ಳಿಯ ಒಂದು ಮೆಕ್ಕೆಜೋಳದ ಅಂಗಡಿಗೆ ನಾನು ಮ್ಯಾನೇಜರ್. ಸಾವ್ಕಾರರು ಹೊಸ ಅಳಿಯನನ್ನು ಅಂಗಡಿಗೆ ಕರೆತಂದ ದಿನ ನನ್ನ ಕುರ್ಚಿ ಅವನ ಪಾಲಾಯಿತು. ‘ನೀವು ಹೊರಗ ಚೀಲದ ಮ್ಯಾಲೆ ಕುಂತು ತೂಕ ನೋಡ್ರಿ’ ಅಂದರು, ಅದೂ ಹಮಾಲರ ಎದುರಿಗೆ. ಅಂಗಡಿ ಬಿಡಲು ಮನಸ್ಸಿಲ್ಲ, ಸುಮ್ಮನಿರಲು ಮಾನ ಒಪ್ಪಲಿಲ್ಲ. ನನ್ನ ಕುರ್ಚಿ ನನಗೆ ಬೇಕೆಂದು ಕೋರ್ಟಿಗೆ ಹೋದೆ.

ನೋಟಿಸು

ಅಂಗಡಿಗೆ ಬರುವ ಕಾಗದಗಳನ್ನೆಲ್ಲ ಸಹಿ ಹಾಕಿ ತೆಗೆದುಕೊಳ್ಳುವವನು ನಾನೇ. ಕೋರ್ಟಿನ ನೋಟಿಸನ್ನೂ ತೆಗೆದುಕೊಂಡು ಸಾವ್ಕಾರರ ಮುಂದಿಟ್ಟೆ. ಅವರು ಜೋಳದ ಕಾಳು ಕಡಿದು ಹಸಿಯೋ ಒಣಗಿದೆಯೋ ನೋಡುತ್ತಿದ್ದರು, ತಲೆ ಎತ್ತಲಿಲ್ಲ.

‘ಯಾವನೋ ಕೇಸ್ ಹಾಕ್ಯಾನ? ಯಾವಾಗ್ಲೂ ಬರ್ದಂಗ ಒಂದು ಗಟ್ಟಿ ಉತ್ರ ಬರ್ದು ನಮ್ಮ ವಕೀಲ್ರಿಗೆ ಕಳಿಸ್ರಿ.’

‘ಹಾಕಿದಾಂವ ನಾನ ರೀ.’

ಬಾಯಲ್ಲಿದ್ದ ಕಾಳು ಉಗುಳಿದರು. ‘ಹಂಗಾದ್ರ ಚಲೋನ ಆತು. ವಿಷ್ಯ ನಿಮಗ ಪೂರಾ ಗೊತ್ತೈತಿ.’

ಅಭ್ಯಾಸಬಲ, ಬರೆದುಕೊಟ್ಟೆ. ಮುಂದಿನ ವಾರ ನನ್ನ ವಕೀಲರು ಅದನ್ನು ಓದಿ ತಲೆ ಹಿಡಿದುಕೊಂಡರು. ‘ಭಾಳ ಕಿಲಾಡಿ ಅದಾನ್ರಿ ಇದನ್ನ ಬರ್ದಾಂವ.’

ರಜೆ

ವಾಯಿದೆಯ ದಿನ ಕೋರ್ಟಿಗೆ ಹೋಗಲು ರಜೆ ಕೇಳಿದೆ. ಅಂಗಡಿ ಮುಂದೆ ಜೋಳದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು.

‘ಇಬ್ರೂ ಹೋದ್ರ ಅಂಗಡಿ ಯಾರು ನೋಡ್ಬೇಕ್ರಿ? ಈ ಸಲ ನಾನು ಹೋಗಿ ಬರ್ತೀನಿ, ಮುಂದಿನ ಸಲ ನೀವು ಹೋಗ್ರಂತ.’

ನ್ಯಾಯವಾಗಿಯೇ ಕಂಡಿತು. ಸಂಜೆ ಬಂದು ವರದಿ ಒಪ್ಪಿಸಿದರು: ‘ಮುಂದಕ್ಕ ಹೋತು. ನಿಮ್ಮ ವಕೀಲ್ರು ನನಗ ಚಲೋ ಬೈದ್ರು ಬಿಡ್ರಿ.’

ರಾಜಿ

ಕೊನೆಗೆ ಕೋರ್ಟಿನವರು ಇಬ್ಬರನ್ನೂ ರಾಜಿ ಮಾಡಿಸಲು ಕರೆದರು. ರಾಜಿ ಮಾಡಿಸುವ ಮೇಡಂ ಎದುರಿಗೆ ಇದ್ದದ್ದು ಒಂದೇ ಖಾಲಿ ಕುರ್ಚಿ. ‘ಕೂತ್ಕೊಳ್ಳಿ’ ಅಂದರು. ನಾನು ಟವೆಲಿನಿಂದ ಕುರ್ಚಿಯ ಧೂಳು ಹೊಡೆದು ಸಾವ್ಕಾರರ ಕಡೆ ಸರಿಸಿದೆ. ಅವರ ಮುಖ ಸಣ್ಣದಾಯಿತು.

‘ನೀವು ಕೂಡ್ರಿ, ಮ್ಯಾನೇಜರ್ರ.’

‘ಛೇ, ನೀವು ಕೂಡ್ರಿ, ಸಾವ್ಕಾರ್ರ.’

‘ಕುರ್ಚಿಗೋಸ್ಕರ ಕೇಸು ಹಾಕಿದವರು ನೀವೇನಾ?’ ಅಂದರು ಮೇಡಂ.

ಅಲ್ಲೇ ರಾಜಿಯಾಯಿತು. ಮರುದಿನ ನನ್ನ ಕುರ್ಚಿ ನನ್ನ ಜಾಗದಲ್ಲಿತ್ತು. ಕೂತೆ. ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಪಕ್ಕಕ್ಕೆ ತಿರುಗಿ ನೋಡಿದರೆ ಸಾವ್ಕಾರರ ಕುರ್ಚಿಯಲ್ಲಿ ಅಳಿಯ ಕಾಲುಮೇಲೆ ಕಾಲು ಹಾಕಿ ಕೂತಿದ್ದಾನೆ. ಸಾವ್ಕಾರರು ಹೊರಗೆ, ನನ್ನ ಹಳೆಯ ಚೀಲದ ಮೇಲೆ.

ನನ್ನನ್ನು ಕಣ್ಸನ್ನೆಯಲ್ಲಿ ಹತ್ತಿರ ಕರೆದು, ಅಳಿಯನಿಗೆ ಕೇಳದಂತೆ ಪಿಸುಗುಟ್ಟಿದರು:

‘ಮ್ಯಾನೇಜರ್ರ, ನಿಮ್ಮ ವಕೀಲ್ರ ನಂಬರ್ ಕೊಡ್ರಿ.’