ನನ್ನ ಕಡೆಯ ಬ್ರೇಕ್

ಕೆಲಸ ಬಿಡಬೇಕು ಎಂದು ನಾನು ಮನಸ್ಸು ಮಾಡಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು. ಆದದ್ದನ್ನು ಕೇಳಿ ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ನಗುತ್ತಿದ್ದರು.

ಉಡುಪಿಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಕಾರು ಕಲಿಸಿದವನು ನಾನು. ಕಲಿಯುವವರು ಬಲಬದಿಗೆ, ನಾನು ಎಡಬದಿಗೆ. ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದೆ. ಉಡುಪಿಯ ಅರ್ಧ ಜನ ಇವತ್ತು ಜೀವಂತ ಇರುವುದು ಆ ಬ್ರೇಕಿನಿಂದ ಎಂದು ನಾನು ನಂಬಿದ್ದೆ.

ನಮ್ಮ ಮನೆ ಶಂಕರಪುರದಲ್ಲಿ. ಹೆಂಡತಿ ಮಲ್ಲಿಗೆ ಕಟ್ಟುತ್ತಾಳೆ. ಅವಳ ಅಮ್ಮ ಕಾರ್ಕಳದಲ್ಲಿ, ಅಣ್ಣನ ಮನೆಯಲ್ಲಿ. ನಮ್ಮಲ್ಲೂ ಒಂದು ಕಾರು ಇತ್ತು, ಆದರೆ ಓಡಿಸುವ ನಾನು ದಿನವಿಡೀ ಸ್ಕೂಲಿನಲ್ಲಿ. ಹೂವಿನ ಕೆಲಸ ಮುಗಿಸಿ, ಎರಡು ಬಸ್ಸು ಹತ್ತಿ ಇಳಿದು, ಅಮ್ಮನ ಹತ್ತಿರ ಕೂತು ಎರಡು ಮಾತಾಡುವಷ್ಟರಲ್ಲಿ ವಾಪಸು ಬರುವ ಬಸ್ಸಿನ ಹೊತ್ತಾಗುತ್ತಿತ್ತು.

"ನನಗೂ ಕಾರು ಕಲಿಸಿ ಮಾರಾಯ್ರೆ. ಅಮ್ಮನನ್ನು ನೋಡಲಿಕ್ಕೆ ಹೋಗುವುದಕ್ಕಾದರೂ ಆಗ್ತದೆ" ಎಂದು ಒಂದು ದಿನ ಕೇಳಿದಳು. ಆಗ ಅವಳಿಗೆ ಮೂವತ್ತೆಂಟು ವರ್ಷ.

"ಕೆಲಸ ಬಿಟ್ಟ ಮೇಲೆ ಕಲಿಸುತ್ತೇನೆ. ದಿನವಿಡೀ ಅದೇ ಮಾಡಿ ಮನೆಯಲ್ಲೂ ಅದೇ ಅಂದರೆ ತಲೆ ಕೆಡುತ್ತದೆ" ಎಂದೆ.

ಅವಳು ನಂಬಿದಳು.

೧. ಸಾರಿನ ಬಾಲ್ದಿ

ಎಲ್ಲೂರಿನಲ್ಲಿ ಸಂಬಂಧಿಕರೊಬ್ಬರ ಗೃಹಪ್ರವೇಶ. ನೆಲದಲ್ಲಿ ಎಲೆ ಹಾಕಿ ಪಂಕ್ತಿಯ ಊಟ. ನಾನು ಸಾಲಿನ ತುದಿಗೆ ಕೂತಿದ್ದೆ. ಬಡಿಸುವವರೊಬ್ಬರು ಸಾರಿನ ಬಾಲ್ದಿ ಹಿಡಿದುಕೊಂಡು ಅಡುಗೆಮನೆಯಿಂದ ನೇರ ನನ್ನ ಕಡೆಗೇ ಓಡಿ ಬಂದರು.

ನನಗೆ ಮುಂದಿನದು ಗೊತ್ತಿಲ್ಲ. ಮಡಚಿದ್ದ ಬಲಗಾಲು ತಾನಾಗಿ ಬಿಚ್ಚಿಕೊಂಡು ಎಲೆಯ ಮಧ್ಯಕ್ಕೆ ಹೋಯಿತು. ಅನ್ನ, ಪಲ್ಯ, ಉಪ್ಪಿನಕಾಯಿ ಎಲ್ಲ ಎದುರಿನ ಸಾಲಿನವರ ಪಾಲಾಯಿತು.

ಹೆಂಡತಿ ದಾರಿಯಲ್ಲಿ ಹೇಳಿದಳು: "ಸಾಕು, ಇನ್ನು ಕೆಲಸ ಬಿಡಿ. ಮಲಗಿದಾಗಲೂ ನನ್ನ ಕಾಲಿಗೆ ಒದೆಯುತ್ತೀರಿ. ಈಗ ಊರಿನವರ ಎಲೆಗೂ ಶುರು ಮಾಡಿದಿರಿ."

"ಆದರೆ ಒಂದು ನೋಡಿದಿಯಾ? ಸಾರಿನವರು ನಿಂತರು" ಎಂದೆ.

೨. ಮಣಿಪಾಲದ ಏರು

ಬಿಡುತ್ತೇನೆ ಎಂದು ಮಾಲಕರಿಗೆ ಕಾಗದ ಬರೆದು ಕಿಸೆಯಲ್ಲಿ ಇಟ್ಟುಕೊಂಡು ಹೋದ ದಿನವೇ ಮಣಿಪಾಲದಿಂದ ಒಬ್ಬರು ಪ್ರೊಫೆಸರ್ ಬಂದರು. ಕೈಯಲ್ಲಿ ನೋಟ್‌ಬುಕ್. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಕ್ಲಚ್ಚಿನ ಚಿತ್ರ ಬಿಡಿಸಿ ಬಣ್ಣವನ್ನೂ ತುಂಬಿದರು.

ಏರಿನಲ್ಲಿ ಕಾರು ನಿಲ್ಲಿಸಿ ಮತ್ತೆ ಹೊರಡಿಸಬೇಕು. ಅವರು ಬ್ರೇಕಿನಿಂದ ಕಾಲು ತೆಗೆದು, ಕಾರು ಯಾಕೆ ಹಿಂದೆ ಜಾರುತ್ತದೆ ಎಂದು ನನಗೇ ಪಾಠ ಮಾಡತೊಡಗಿದರು. ಪಾಠ ಸರಿಯಾಗಿಯೇ ಇತ್ತು, ಕಾರು ಜಾರುತ್ತಲೂ ಇತ್ತು. ಹಿಂದಿದ್ದ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ ತುಳುವಿನಲ್ಲಿ ಹೇಳಿದ್ದನ್ನು ಪ್ರೊಫೆಸರ್ ಬರೆದುಕೊಳ್ಳಲಿಲ್ಲ. ನಾನು ಬ್ರೇಕ್ ಒತ್ತಿದೆ.

ಮೂರು ಸಲ ಟೆಸ್ಟಿನಲ್ಲಿ ಫೇಲಾದರು. ನಾನು ಬಿಡುವ ಮಾತೆತ್ತಿದಾಗ "ನೀವಿದ್ದರೆ ಮಾತ್ರ ನನಗೆ ಧೈರ್ಯ. ಬಿಟ್ಟು ಹೋಗಬೇಡಿ" ಎಂದು ಕೈ ಹಿಡಿದರು. ಹಾಗೆ ಯಾರಾದರೂ ಹೇಳಿದರೆ ನಾನು ಕರಗಿ ನೀರಾಗುತ್ತೇನೆ. ಕಾಗದ ಕಿಸೆಯಲ್ಲೇ ಉಳಿದು, ಮನೆಯಲ್ಲಿ ಬಟ್ಟೆಯ ಜೊತೆ ಒಗೆದು ಹೋಯಿತು. ಅರ್ಧ ವರ್ಷ ಅವರ ಹಿಂದೆ ಬಿದ್ದೆ.

ಕೊನೆಗೆ ಲೈಸೆನ್ಸ್ ಸಿಕ್ಕಿತು. ಸ್ವೀಟ್ ಡಬ್ಬ ಬಂತು. ತಂದುಕೊಟ್ಟವರು ಅವರ ಹೊಸ ಡ್ರೈವರ್.

೩. ದುಬೈಯಿಂದ ಬ್ರೇಕ್

ಕಾಪುವಿನ ಬ್ಯಾರಿ ಸಮುದಾಯದ ಹೆಂಗಸೊಬ್ಬರು ಕಲಿಯಲಿಕ್ಕೆ ಬಂದರು. ಗಂಡ ದುಬೈಯಲ್ಲಿ. ಮೊದಲನೇ ದಿನವೇ ಗಂಡನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಎದುರಿಗೆ ಸಿಕ್ಕಿಸಿಟ್ಟರು. ನಾನು "ಎರಡನೇ ಗೇರ್" ಎಂದರೆ ಆತ ಅಲ್ಲಿಂದ "ಬೇಡ ಬೇಡ, ಒಂದನೆಯದರಲ್ಲೇ ಇರಲಿ" ಎನ್ನುತ್ತಿದ್ದ. ನಾನು "ಹೋಗಲಿ" ಎಂದರೆ ಆತ "ಬ್ರೇಕ್" ಎನ್ನುತ್ತಿದ್ದ.

ಮೂರನೇ ದಿನ ಆಕೆ ಕಾರನ್ನು ಬದಿಗೆ ನಿಲ್ಲಿಸಿ, ಇಂಡಿಕೇಟರ್ ಸಮೇತ, ಫೋನ್ ಆಫ್ ಮಾಡಿದರು. ನಾನು ಖುಷಿಯಿಂದ "ಒಳ್ಳೇದಾಯ್ತು" ಎಂದೆ.

"ನೀವೂ ಸ್ವಲ್ಪ ಸುಮ್ಮನಿರಿ ಸರ್" ಎಂದರು.

ಕಾಪುವಿನಿಂದ ಉದ್ಯಾವರದವರೆಗೆ ಹೆದ್ದಾರಿಯಲ್ಲಿ ನೀರು ಕುಡಿದಷ್ಟು ಸುಲಭವಾಗಿ ಓಡಿಸಿದರು. ಉದ್ಯಾವರದಲ್ಲಿ ಒಂದು ಸ್ಕೂಟರ್ ಥಟ್ಟನೆ ಅಡ್ಡ ಬಂತು. ಕಾರು ನಿಂತಿತು. ನನ್ನ ಕಾಲು ಆಮೇಲೆ ಬ್ರೇಕಿಗೆ ಹೋಯಿತು.

ಆಕೆ ಕೆಳಗೆ ನೋಡಿ ಮೆಲ್ಲಗೆ ಹೇಳಿದರು: "ನಿಂತಾಯ್ತು ಸರ್. ಕಾಲು ತೆಗೀರಿ."

ಕೆಲಸ ಬಿಡಬೇಕಾಗಿದ್ದ ದಿನ ಯಾವುದು ಎಂದು ಕೇಳಿದರೆ ಅದೇ. ನನಗೆ ಅವತ್ತೇ ಗೊತ್ತಾಗಿತ್ತು. ಆದರೂ ಮತ್ತೆ ಮೂರು ವರ್ಷ ಅದೇ ಸೀಟಿನಲ್ಲಿ ಕೂತೆ. ಅಷ್ಟರೊಳಗೆ ಆಕೆ ನಮ್ಮ ಸ್ಕೂಲಿನಲ್ಲೇ ಕಲಿಸಲಿಕ್ಕೆ ಸೇರಿದರು. ಅಷ್ಟರೊಳಗೆ ಕಾರ್ಕಳದಲ್ಲಿ ನನ್ನ ಅತ್ತೆಯೂ ತೀರಿಕೊಂಡರು. ಸುದ್ದಿ ಬಂದಾಗ ನಾನು ಯಾರಿಗೋ ರಿವರ್ಸ್ ಹೇಳಿಕೊಡುತ್ತಿದ್ದೆ. ಹೆಂಡತಿ ಎರಡು ಬಸ್ಸು ಹತ್ತಿ ಒಬ್ಬಳೇ ಹೋದಳು. ಆ ಮೂರು ವರ್ಷದ ಬಗ್ಗೆ ನನಗೆ ಈಗಲೂ ಬೇಸರ ಉಂಟು.

೪. ಮೈದಾನದಲ್ಲಿ

ಕೊನೆಗೂ ಬಿಟ್ಟೆ. ಹಾರ ಹಾಕಿದರು, ಶಾಲು ಹೊದಿಸಿದರು. ಮರುದಿನ ಬೆಳಿಗ್ಗೆಯೇ ಹೆಂಡತಿಯನ್ನು ನಮ್ಮ ಹಳೆಯ ಕಾರಿನಲ್ಲಿ ಮೈದಾನಕ್ಕೆ ಕರೆದುಕೊಂಡು ಹೋದೆ. ಐವತ್ತೇಳರ ಹೆಂಗಸು ಹೊಸ ಸೀರೆ ಉಟ್ಟು ಸ್ಟೇರಿಂಗ್ ಹಿಡಿದಳು.

ಕಾರು ಒಂದು ಮಾರು ಮುಂದೆ ಹೋಯಿತು. ನಾನು ಕಾಲು ಒತ್ತಿದೆ. ಅಲ್ಲಿ ಬರೀ ಮ್ಯಾಟ್. ಇನ್ನೊಮ್ಮೆ ಒತ್ತಿದೆ. "ನಿಲ್ಲಿಸು, ನಿಲ್ಲಿಸು" ಎಂದು ಕೂಗಿ, ಬಾಗಿಲು ತೆಗೆದು ಇಳಿದೇಬಿಟ್ಟೆ. ಖಾಲಿ ಮೈದಾನ. ಎದುರಿಗೆ ಇದ್ದದ್ದು ದೂರದಲ್ಲಿ ಮೇಯುತ್ತಿದ್ದ ಒಂದು ದನ ಮಾತ್ರ.

ಅವಳು ಕಾರು ಆಫ್ ಮಾಡಿ ಕೇಳಿದಳು: "ಇಪ್ಪತ್ತೆಂಟು ವರ್ಷ ಎಲ್ಲರಿಗೂ ಹೆದರಬೇಡಿ, ಹೆದರಬೇಡಿ ಅಂತ ಹೇಳಿದ್ದು ಆ ಬ್ರೇಕನ್ನು ನಂಬಿಯಾ?"

ನನ್ನ ಧೈರ್ಯವನ್ನು ಸ್ಕೂಲಿನ ಕಾರಿನಲ್ಲೇ ಬಿಟ್ಟು ಬಂದಿದ್ದೆ.

೫. ನಾಲ್ಕು ಕ್ಲಾಸು

ಅವಳು ಸ್ಕೂಲಿಗೆ ಸೇರಿದಳು. ಕಲಿಸುವವರು ಕಾಪುವಿನ ಅದೇ ಹೆಂಗಸು. ನಾಲ್ಕೇ ದಿನದಲ್ಲಿ ನನಗೆ ಫೋನ್ ಬಂತು.

"ಸರ್, ನಿಮ್ಮ ಮನೆಯವರು ಮೊದಲೇ ಕಲಿತಿದ್ದಾರೆ ಅಲ್ವಾ? ನನ್ನ ಹತ್ರ ಯಾಕೆ ಹೇಳಲಿಲ್ಲ?"

"ಎಂತ ಹೇಳುವುದು? ಸ್ಟೇರಿಂಗ್ ಹಿಡಿದದ್ದೇ ಮೊನ್ನೆ."

"ಹಾಗಾದ್ರೆ ನಾನು ಹೇಳುವ ಮೊದಲೇ ಕ್ಲಚ್ ಹೇಗೆ ಒತ್ತುತ್ತಾರೆ? ಏರಿನಲ್ಲಿ ಹೇಗೆ ಬಿಡಬೇಕು ಅಂತ ಬಾಯಿಪಾಠ ಉಂಟು ಅವರಿಗೆ. ಅದೂ ಥೇಟ್ ನೀವು ಹೇಳುವ ಹಾಗೆ."

ಹೆಂಡತಿ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಹೋಗಿ ಕೇಳಿದೆ: "ಯಾರ ಹತ್ತಿರ ಕಲಿತೆ?"

"ನಿಮ್ಮ ಹತ್ತಿರ."

"ನಾನು ಯಾವಾಗ ಕಲಿಸಿದೆ?"

"ನಿದ್ದೆಯಲ್ಲಿ" ಎಂದಳು, ಬೆರಳು ನಿಲ್ಲಿಸದೆ. "ಕ್ಲಚ್ ಒತ್ತಿ, ಒಂದನೇ ಗೇರ್ ಹಾಕಿ, ಮೆಲ್ಲಗೆ ಬಿಡಿ, ಹೆದರಬೇಡಿ. ಹತ್ತೊಂಬತ್ತು ವರ್ಷ ಒಂದು ದಿನವೂ ರಜೆ ಮಾಡಲಿಲ್ಲ ನೀವು. ಮೇಲಿಂದ ನನ್ನ ಕಾಲಿಗೆ ಬ್ರೇಕು."

ನಾನು ನಕ್ಕೆ. ಆಮೇಲೆ ಅವಳ ಪಕ್ಕದಲ್ಲಿ ಕೂತೆ. ಇಷ್ಟೆಲ್ಲ ಗೊತ್ತಿದ್ದವಳು ಅಮ್ಮ ಇರುವಷ್ಟು ಕಾಲವೂ ಕಾರ್ಕಳದ ಬಸ್ಸಿಗೆ ಕಾದಿದ್ದಳು.

"ನನ್ನನ್ನು ಎಬ್ಬಿಸಬಾರದಿತ್ತಾ?" ಎಂದು ಕೇಳಿದೆ.

"ಎಬ್ಬಿಸಿದರೆ ಕ್ಲಾಸು ನಿಲ್ಲುತ್ತಿತ್ತು" ಎಂದಳು.