ಒಂದು ಪೆಟ್ಟಿಗೆಗೆ ಒಂದೇ ತಂತಿ

ವೈರಿಂಗ್ ಕೆಲಸದ ಕ್ರಿಸ್ಟೋಫರ್ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ನಾನು ಅವನನ್ನು ಗ್ರೇಡ್ ಮಾಡಿಬಿಟ್ಟೆ. ಹೊಂಗಡಹಳ್ಳದಲ್ಲಿ ಇಪ್ಪತ್ತೆಂಟು ವರ್ಷದಿಂದ ಕಾಫಿ, ಮೆಣಸು, ಏಲಕ್ಕಿ ಕೊಳ್ಳುತ್ತಿರುವವನು ನಾನು. ಕಾಫಿ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ತೇವಾಂಶ ಎಷ್ಟೆಂದು ಹೇಳುತ್ತೇನೆ. ಮನುಷ್ಯರನ್ನಾದರೆ ಕಚ್ಚುವ ಅಗತ್ಯವೂ ಇಲ್ಲ! ಎತ್ತರ ಐದೂವರೆ ಅಡಿ, ತೂಕ ಒಂದು ಮೂಟೆಗೆ ಸ್ವಲ್ಪ ಮೇಲೆ, ಜೇಬಿನಲ್ಲೊಂದು ಟೆಸ್ಟರ್, ಮಾತು ಅತಿ ಕಡಿಮೆ. ಮಾತು ಕಡಿಮೆ ಇರುವವನು ಒಳಗೆ ಏನನ್ನೋ ಮುಚ್ಚಿಟ್ಟಿರುತ್ತಾನೆ. 'ಎರಡನೇ ದರ್ಜೆ' ಎಂದು ಮನಸ್ಸಿನಲ್ಲೇ ಚೀಟಿ ಅಂಟಿಸಿದೆ.

ಅವನನ್ನು ಕರೆಸಿದ್ದು ನನ್ನ ಹೆಂಡತಿ ಶಿವಲೀಲಾ. ಮೂರು ತಿಂಗಳಿಂದ ಆಕೆ ಆನ್‌ಲೈನಿನಲ್ಲಿ ಕಾಫಿ ರುಚಿ ನೋಡುವ ವಿದ್ಯೆ ಕಲಿಯುತ್ತಿದ್ದಳು. ಭಾನುವಾರ ಹನ್ನೊಂದು ಗಂಟೆಗೆ ಪರೀಕ್ಷೆ. ಅಂಚೆಯಲ್ಲಿ ಬಂದ ಐದು ಪೊಟ್ಟಣಗಳ ಕಾಫಿ ಕಾಸಿ, ಕ್ಯಾಮೆರಾ ಎದುರು ಕುಡಿದು, ಯಾವುದರಲ್ಲಿ ಏನು ದೋಷ ಎಂದು ಹೇಳಬೇಕು. ತಪ್ಪಿಸಿಕೊಂಡರೆ ಇನ್ನೊಂದು ವರ್ಷ ಕಾಯಬೇಕು. ನಾಲಗೆ ಕೆಡಬಾರದೆಂದು ಒಂದು ವಾರದಿಂದ ಮನೆಯಲ್ಲಿ ಬೆಳ್ಳುಳ್ಳಿ ಬಂದ್, ಇಂಗು ಬಂದ್, ಒಗ್ಗರಣೆಯೇ ಬಂದ್! ಪರೀಕ್ಷೆ ಆಕೆಯದು, ಉಪವಾಸ ನನ್ನದು.

ತೊಂದರೆ ಏನೆಂದರೆ, ವೈಫೈ ಇರುವುದು ಮುಂದಿನ ಅಂಗಡಿಯಲ್ಲಿ. ಅಲ್ಲಿ ಕೂತರೆ ಮೆಣಸು, ಏಲಕ್ಕಿಯ ಘಾಟಿಗೆ ಕಾಫಿಯ ವಾಸನೆಯೇ ಮೂಗಿಗೆ ಹತ್ತದು. ವಾಸನೆಯಿಲ್ಲದ ಜಾಗ ಹಿಂದಿನ ಕೋಣೆ. ನಡುವೆ ಗೋದಾಮು. ಮೂಟೆಗಳ ರಾಶಿ ತಲುಪುವಷ್ಟರಲ್ಲಿ ವೈಫೈ ಸುಸ್ತಾಗಿ ಕೂತುಬಿಡುತ್ತದೆ.

ಕ್ರಿಸ್ಟೋಫರ್ ಒಂದು ಸುತ್ತು ನೋಡಿಬಂದ.

"ಗೋಡೆ ದಪ್ಪ ಐತೆ ಸಾವ್ಕಾರ್ರೆ, ಮಧ್ಯೆ ಮೂಟೆ ಐತೆ. ಇಲ್ಲಿಂದ ಒಂದು ತಂತಿ ಎಳ್ದು ಹಿಂದಿನ ಕೋಣೇಲಿ ಒಂದು ಪೆಟ್ಟಿಗೆ ಕೂರಿಸ್ಬೇಕು. ಅಲ್ಲಿಂದ ಅದು ವೈಫೈ ಬಿಡ್ತದೆ."

"ಒಂದೇ ತಂತಿ ಸಾಕಾ?"

"ಒಂದು ಪೆಟ್ಟಿಗೆಗೆ ಒಂದೇ ತಂತಿ. ಎರಡನೇದು ಹಾಕ್ಬೇಡಿ."

"ಪೆಟ್ಟಿಗೆಗೆ ತೂತು ಎರಡು ಇರ್ತವಲ್ಲ ಮಾರಾಯ?"

"ಇರ್ತವೆ. ಆದ್ರೂ ಹಾಕ್ಬೇಡಿ."

ಕೊಳ್ಳುವವನಿಗೆ 'ಕಡಿಮೆ ಸಾಕು' ಅನ್ನುವ ವ್ಯಾಪಾರಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಇದರಲ್ಲಿ ಏನೋ ಗುಟ್ಟಿದೆ! ಮೆಣಸಿನ ದರ ವಿಚಾರಿಸಲು ಬಂದು ಟೀ ಕುಡಿಯುತ್ತಿದ್ದ ಬೆಳೆಗಾರ ದೇವೀರಪ್ಪನವರ ಕಡೆ ತಿರುಗಿದೆ.

"ಕೇಳುದ್ರಾ ದೇವೀರಪ್ಪನೋರೆ? ದೇವ್ರು ಮೂಗಿಗೆ ಎರಡು ಹೊಳ್ಳೆ ಕೊಟ್ಬುಟ್ಟು, ಒಂದ್ರಲ್ಲೇ ಉಸಿರಾಡು ಅಂದಂಗಾಯ್ತು! ತಂತಿ ಎಳೆಯಕ್ಕೆ ಇವನ್ಯಾಕೆ? ನಾನೇ ಎಳೀತೀನಿ!"

ದೇವೀರಪ್ಪನವರು ಟೀ ಚೆಲ್ಲುವಷ್ಟು ನಕ್ಕರು. ಕ್ರಿಸ್ಟೋಫರ್ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಬ್ಯಾಗು ಹೆಗಲಿಗೇರಿಸಿ ಹೊರಟುಹೋದ.

ಹಾಸನಕ್ಕೆ ನಾನೇ ಹೋಗಿ ಪೆಟ್ಟಿಗೆ ತಂದೆ, ಎರಡು ತಂತಿಯನ್ನೂ ತಂದೆ. ಶನಿವಾರ ಅಟ್ಟ ಹತ್ತಿ, ಜೇಡರ ಬಲೆಯನ್ನೆಲ್ಲ ತಲೆಗೆ ಪೇಟ ಸುತ್ತಿಕೊಂಡು, ಅಂಗಡಿಯ ವೈಫೈ ರೂಟರಿನಿಂದ ಮೊದಲ ತಂತಿ ಎಳೆದೆ. ಪೆಟ್ಟಿಗೆಗೆ ಚುಚ್ಚಿದೆ. ಹಿಂದಿನ ಕೋಣೆಯಲ್ಲಿ ವೈಫೈ ತುಂಬಿ ತುಳುಕಿತು! ಶಿವಲೀಲಾ ಲ್ಯಾಪ್‌ಟಾಪು ತೆರೆದು ನೋಡಿ, "ಪರವಾಗಿಲ್ಲ ಕಣ್ರೀ" ಅಂದಳು. ಮದುವೆಯಾದಾಗಿನಿಂದ ಸಿಕ್ಕ ಎರಡನೇ ಹೊಗಳಿಕೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಭಾನುವಾರ ಬೆಳಿಗ್ಗೆ ಎರಡನೇ ತಂತಿ ಸುರುಳಿ ಸುತ್ತಿಕೊಂಡು ಮೂಲೆಯಿಂದ ನನ್ನನ್ನೇ ನೋಡುತ್ತಿತ್ತು. ಕೊಂಡ ಮಾಲು ಸುಮ್ಮನೆ ಬಿದ್ದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ನಮ್ಮ ತೋಟಗಳಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕುತ್ತೇವೆ. ಪೈಪಿನ ಕೊನೆಯಲ್ಲಿ ನೀರು ಸೊರಗಿದರೆ ಇನ್ನೊಂದು ಪೈಪು ಎಳೆದು ಆ ಕಡೆಯಿಂದಲೂ ನೀರು ಕೊಡುತ್ತೇವೆ. ಕೊನೆಯ ಗಿಡಕ್ಕೂ ಒಂದೇ ಒತ್ತಡ! ಕಾಫಿ ಗಿಡಕ್ಕೆ ಸಲ್ಲುವ ಮರ್ಯಾದೆ ಕಟ್ಟಿಕೊಂಡ ಹೆಂಡತಿಗೆ ಬೇಡವೇ? ಹೊರಗೋಡೆಯ ಮೇಲಿಂದ ಎರಡನೇ ತಂತಿ ಎಳೆದು ಒಂದು ತುದಿಯನ್ನು ಅಂಗಡಿಯ ರೂಟರಿಗೂ, ಇನ್ನೊಂದನ್ನು ಪೆಟ್ಟಿಗೆಯ ಎರಡನೇ ತೂತಿಗೂ ಚುಚ್ಚಿದೆ.

ಆಹಾ! ಪೆಟ್ಟಿಗೆಯ ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಮಿನುಗತೊಡಗಿದವು.

"ನೋಡೇ, ನೆಟ್ ಹೆಂಗೆ ಕುದುರೆ ಥರ ಓಡ್ತಾ ಐತೆ!"

"ಓಡೋಗ್ಬುಡ್ತು ಕಣ್ರೀ! ಇಲ್ಲಿ ಏನೂ ಬರ್ತಾ ಇಲ್ಲ!"

ಅಂಗಡಿಗೆ ಓಡಿದೆ, ಅಲ್ಲೂ ಇಲ್ಲ. ಕ್ರಿಸ್ಟೋಫರನಿಗೆ ಫೋನು ಮಾಡೋಣವೆಂದರೆ ನಮ್ಮ ಮನೆಯಲ್ಲಿ ಟವರ್ ಸಿಗುವುದಿಲ್ಲ, ಫೋನು ಮಾತಾಡುವುದೂ ವೈಫೈ ಮೇಲೆಯೇ! ಗಂಟೆ ಹತ್ತಾಗಿತ್ತು. ಶಿವಲೀಲಾ ಬಯ್ಯಲಿಲ್ಲ. ಐದು ಬಟ್ಟಲುಗಳನ್ನು ಸಾಲಾಗಿ ಜೋಡಿಸಿಟ್ಟು ಗಡಿಯಾರ ನೋಡುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸ್ಕೂಟರ್ ಹತ್ತಿದೆ.

ಕ್ರಿಸ್ಟೋಫರ್ ಚರ್ಚಿನಲ್ಲಿದ್ದ. ಪೂಜೆ ನಡೆಯುತ್ತಿತ್ತು. ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದೆ. ಎರಡು ಬೆರಳು ಎತ್ತಿದೆ, ಅಂದರೆ ಎರಡು ತಂತಿ. ಆಮೇಲೆ ಕತ್ತಿನ ಮೇಲೆ ಅಡ್ಡಲಾಗಿ ಕೈ ಎಳೆದೆ, ಅಂದರೆ ವೈಫೈ ಸತ್ತಿತು. ಅವನು ನೋಡಲಿಲ್ಲ, ಪಕ್ಕದಲ್ಲಿದ್ದ ಅವನ ತಾಯಿ ಲೂಯಿಜಾ ಬಾಯಮ್ಮ ನೋಡಿದರು. ತಕ್ಷಣ ಶಿಲುಬೆಯ ಗುರುತು ಮಾಡಿಕೊಂಡು ಮಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು!

ಪೂಜೆ ಮುಗಿದ ಮೇಲೆ ಹೊರಗೆ ಬಂದು, "ನನ್ನ ಮಗ ನಿಮಗೆ ಏನು ಮಾಡಿದಾನೆ?" ಎಂದರು.

"ಅವನೇನೂ ಮಾಡಿಲ್ಲ ಬಾಯಮ್ಮ, ಮಾಡ್ಕೊಂಡಿದ್ದು ನಾನೇ!"

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಕ್ರಿಸ್ಟೋಫರ್ ಹಿಂದಿನ ಸೀಟಿನಲ್ಲಿ ಕೂತ. ಮನೆ ಮುಟ್ಟಿದಾಗ ಹನ್ನೊಂದಕ್ಕೆ ಎಂಟು ನಿಮಿಷ ಬಾಕಿ. ದೀಪಗಳ ಕುಣಿತ ನೋಡಿದ.

"ಎರಡನೇದು ಹಾಕಿದ್ರಾ?"

ನಾನು ಸೂರಿನ ಹಂಚುಗಳನ್ನು ಎಣಿಸತೊಡಗಿದೆ.

ಅವನು ಎರಡು ಬೆರಳಲ್ಲಿ ಒಂದು ತಂತಿ ಕಿತ್ತ. ಟಕ್! ದೀಪಗಳು ಸಮಾಧಾನಕ್ಕೆ ಬಂದವು. ನಿಮಿಷದಲ್ಲಿ ಶಿವಲೀಲಾಳ ಲ್ಯಾಪ್‌ಟಾಪು ಕಣ್ಣು ಬಿಟ್ಟಿತು.

"ಅಷ್ಟೇನಾ?" ಎಂದೆ.

"ಅಷ್ಟೇ. ಒಂದು ತಂತೀಲಿ ಹೋದ ಮಾತು ಇನ್ನೊಂದ್ರಲ್ಲಿ ವಾಪಸ್ ಬಂದು ಮತ್ತೆ ಹೋಗ್ತಾ ಇತ್ತು. ಸುತ್ತಿ ಸುತ್ತಿ ದಾರಿಯೆಲ್ಲ ತುಂಬೋಗಿತ್ತು. ಬೇರೆಯೋರ ಮಾತಿಗೆ ಜಾಗಾನೇ ಇರ್ಲಿಲ್ಲ."

"ನಮ್ಮನೇಲಿ ಒಬ್ರದ್ದು ಹಂಗೇ ಕಣಪ್ಪ," ಎಂದು ಶಿವಲೀಲಾ ಬಾಗಿಲು ಹಾಕಿಕೊಂಡಳು.

ನಾವಿಬ್ಬರೂ ಹೊರಗೆ ಮೂಟೆಗಳ ಮೇಲೆ ಕೂತೆವು. ಒಳಗಿನಿಂದ 'ಸುರ್ರ್' ಎಂದು ಹೀರುವ ಸದ್ದು. ಒಂದೊಂದು ಸದ್ದಿಗೂ ಒಂದೊಂದು ಬೆರಳು ಮಡಿಸುತ್ತಿದ್ದೆ. ಮೂರನೇ ಬಟ್ಟಲಿಗೆ ತಡವಾಯಿತು.

"ಇದು ಹಳೇ ಗೋಣೀಲಿ, ಮೆಣಸಿನ ಪಕ್ಕ ಇಟ್ಟಿದ್ದ ಕಾಫಿ," ಎಂದಳು.

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಮ್ಮ?" ಪರೀಕ್ಷಕರ ದನಿ.

"ಇಪ್ಪತ್ತೈದು ವರ್ಷದಿಂದ ಆ ವಾಸನೆ ಜೊತೆಗೇ ಸಂಸಾರ ಮಾಡ್ತಾ ಇದೀನಿ ಸಾರ್!"

ಕ್ರಿಸ್ಟೋಫರ್ ಅಂದು ಮೊದಲ ಬಾರಿ ನಕ್ಕ. ನಾನು ಅಂಗಿಯ ತೋಳನ್ನು ಮೂಸಿಕೊಂಡೆ.

ಶಿವಲೀಲಾ ಪಾಸಾದಳು. ಸಂಜೆ ಒಂದು ವಾರದ ಬಾಕಿ ಬೆಳ್ಳುಳ್ಳಿಯೆಲ್ಲ ಒಂದೇ ಒಗ್ಗರಣೆಗೆ ಬಿತ್ತು. ಆ ಖುಷಿಯಲ್ಲಿ ಬಾಯಿ ತಪ್ಪಿ, ಕ್ರಿಸ್ಟೋಫರನ ಮೇಲೆ ನಾನು ಅಂಟಿಸಿದ್ದ 'ಎರಡನೇ ದರ್ಜೆ' ಚೀಟಿಯ ವಿಷಯ ಆಕೆಗೆ ಹೇಳಿಬಿಟ್ಟೆ.

"ಮಾಲು ಒಂದನೇ ದರ್ಜೆ ಕಣ್ರೀ," ಎಂದಳು, ಈಗ ಸರ್ಟಿಫಿಕೇಟು ಇರುವ ಬಾಯಿಂದ. "ಕೆಟ್ಟಿರೋದು ಕಚ್ಚಿ ನೋಡೋರ ಹಲ್ಲು!"

ಕ್ರಿಸ್ಟೋಫರನನ್ನು ನಾನು ನಗೆಪಾಟಲು ಮಾಡಿದ್ದು ನನ್ನ ಅಂಗಡಿಯಲ್ಲಿ, ದೇವೀರಪ್ಪನವರ ಎದುರು. ಅದೇ ಅಂಗಡಿಯಲ್ಲಿ, ಅದೇ ದೇವೀರಪ್ಪನವರ ಎದುರು, 'ನೀನು ಹೇಳಿದ್ದು ಸರಿ, ನನ್ನದು ತಪ್ಪು' ಎಂದು ನಾನು ಅವನಿಗೆ ಹೇಳಬೇಕು. ಇನ್ನೂ ಹೇಳಿಲ್ಲ.